ಡಾರ್ವಿನ್‌ನ ತಪ್ಪು ಕಾಗುಣಿತ ತೋರಿಸಿದ ತಾರೀಖು

1834ರ ಫೆಬ್ರುವರಿಯಲ್ಲಿ ಇಂಗ್ಲೆಂಡಿನ ಶ್ರೂಸ್‌ಬರಿ ಪಟ್ಟಣದಿಂದ ದಕ್ಷಿಣ ಅಮೆರಿಕದ ಕಡೆಗೆ ಒಂದು ಕಾಗದ ಹೊರಟಿತು. ಬರೆದವಳು ಸೂಸನ್ ಡಾರ್ವಿನ್. ಎರಡು ವರ್ಷಗಳಿಂದ ಹಡಗಿನಲ್ಲಿ ಲೋಕ ಸುತ್ತುತ್ತಿದ್ದ ಅವಳ ತಮ್ಮ ಚಾರ್ಲ್ಸ್, ತನ್ನ ದಿನಚರಿಯ ಒಂದಷ್ಟು ಭಾಗವನ್ನು ಮನೆಗೆ ಕಳಿಸಿದ್ದ. ಮನೆಯವರು ಅದನ್ನು ಓದಿ ಹಿಗ್ಗಿದ್ದರು. ಸೂಸನ್ ಕೂಡ ಹಿಗ್ಗಿದವಳೇ. ಆದರೆ ಓದುತ್ತ ಹೋದಂತೆ ಅವಳ ಕಣ್ಣಿಗೆ ತಮ್ಮನ ಕಾಗುಣಿತದ ತಪ್ಪುಗಳು ಬಿದ್ದವು. ತನ್ನನ್ನು ತಾನೇ 'ಅಜ್ಜಿ' ಎಂದು ಕರೆದುಕೊಂಡು, ಪ್ರಪಂಚದ ಆ ತುದಿಯಲ್ಲಿದ್ದರೂ ನಿನಗೆ ಪಾಠ ಹೇಳುವುದು ತನ್ನ ಕರ್ತವ್ಯ ಎಂಬ ಧಾಟಿಯಲ್ಲಿ, ತಪ್ಪು ಒಂದು ಕಡೆ, ಸರಿ ಇನ್ನೊಂದು ಕಡೆ ಇಟ್ಟು ಒಂದು ಪಟ್ಟಿಯನ್ನೇ ಬರೆದು ಕಳಿಸಿದಳು. ಲ್ಯಾಂಡ್‌ಸ್ಕೇಪ್ ಎಂಬ ಪದದಲ್ಲಿ ನಡುವಿನ 'ಡಿ' ಅಕ್ಷರ ಬಿಟ್ಟುಹೋಗಿತ್ತು. ಪ್ರೊಫೈಲ್ ಪದದ ಕೊನೆಯ 'ಇ' ಇರಲಿಲ್ಲ. ಕ್ಯಾನಿಬಲ್ ಪದದಲ್ಲಿ 'ಐ' ಇರಬೇಕಾದ ಕಡೆ 'ಎ' ಕುಳಿತಿತ್ತು. ಕ್ವಾರೆಲ್ ಎಂಬ ಪದಕ್ಕೆ ಒಂದು 'ಎಲ್' ಸಾಕಾಗಿರುವಾಗ ತಮ್ಮ ಎರಡು ಹಾಕಿದ್ದ. ಇದೆಲ್ಲ ಅವಸರದಲ್ಲಿ ಆಗಿರಬೇಕು ಎಂದು ಅಕ್ಕ ಸಮಾಧಾನವನ್ನೂ ಹೇಳಿದ್ದಳು.

ಅಕ್ಕ ನಗುತ್ತ ಎತ್ತಿ ಆಡಿದ ಆ ದೌರ್ಬಲ್ಯವೇ ಸುಮಾರು ಒಂದೂವರೆ ಶತಮಾನದ ನಂತರ ವಿಜ್ಞಾನ ಚರಿತ್ರೆಯ ದೊಡ್ಡ ಪ್ರಶ್ನೆಯೊಂದಕ್ಕೆ ಉತ್ತರ ಹುಡುಕುವ ಸಾಧನವಾಯಿತು. ಜೀವಿಗಳ ಪ್ರಭೇದಗಳು ಸ್ಥಿರವಲ್ಲ, ಬದಲಾಗುತ್ತವೆ ಎಂಬ ಅನುಮಾನ ಚಾರ್ಲ್ಸ್ ಡಾರ್ವಿನ್‌ಗೆ ಮೊದಲು ಹುಟ್ಟಿದ್ದು ಯಾವಾಗ, ಎಲ್ಲಿ ಎಂಬುದೇ ಆ ಪ್ರಶ್ನೆ.

ಡಾರ್ವಿನ್ ಬೀಗಲ್ ಹಡಗನ್ನು ಹತ್ತಿದಾಗ ಅವನಿಗೆ 22 ವರ್ಷ. ಕ್ಯಾಪ್ಟನ್ ರಾಬರ್ಟ್ ಫಿಟ್ಜ್‌ರಾಯ್ ನೇತೃತ್ವದ ಆ ಹಡಗು 1831ರ ಡಿಸೆಂಬರ್ 27ರಂದು ಪ್ಲಿಮತ್ ಬಂದರಿನಿಂದ ಹೊರಟು, 1836ರ ಅಕ್ಟೋಬರ್ 2ರಂದು ಫಾಲ್ಮತ್ ಬಂದರಿಗೆ ಮರಳಿತು. ಈ ನಡುವಿನ ಸುಮಾರು ಐದು ವರ್ಷದಲ್ಲಿ ಡಾರ್ವಿನ್ ಬರೆದದ್ದಕ್ಕೆ ಲೆಕ್ಕವಿಲ್ಲ. ದಿನಚರಿ, ಜೇಬಿನಲ್ಲಿಟ್ಟುಕೊಳ್ಳುವ ಪುಟ್ಟ ಪುಸ್ತಕಗಳು, ಭೂವಿಜ್ಞಾನದ ಟಿಪ್ಪಣಿ, ಪ್ರಾಣಿಶಾಸ್ತ್ರದ ಟಿಪ್ಪಣಿ, ಸಂಗ್ರಹಿಸಿದ ಮಾದರಿಗಳ ಪಟ್ಟಿ, ಮನೆಗೆ ಮತ್ತು ಗುರುಗಳಿಗೆ ಬರೆದ ಕಾಗದಗಳು. ಇವುಗಳ ಬಹುಭಾಗ ಈಗ ಕೇಂಬ್ರಿಜ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ. ಕಾಗದಗಳ ಮೇಲೆ ತಾರೀಖು ಇದೆ. ದಿನಚರಿಯಲ್ಲೂ ಇದೆ. ಆದರೆ ಟಿಪ್ಪಣಿಗಳಲ್ಲಿ ಎಷ್ಟೋ ಹಾಳೆಗಳಿಗೆ ಬರೆದ ದಿನದ ಗುರುತೇ ಇಲ್ಲ. ತನಗಾಗಿ ಬರೆದುಕೊಳ್ಳುವವನು ತಾರೀಖು ಯಾಕೆ ಹಾಕುತ್ತಾನೆ?

ಹೀಗೆ ತಾರೀಖಿಲ್ಲದೆ ಉಳಿದ ಹಸ್ತಪ್ರತಿಗಳಲ್ಲಿ ಒಂದು, ಹಕ್ಕಿಗಳನ್ನು ಕುರಿತ ಟಿಪ್ಪಣಿಗಳ ಕಟ್ಟು. 'ಆರ್ನಿಥಾಲಾಜಿಕಲ್ ನೋಟ್ಸ್' ಎಂದು ವಿದ್ವಾಂಸರು ಕರೆಯುವ ಇದನ್ನು ಡಾರ್ವಿನ್‌ನ ಮೊಮ್ಮಗಳು ನೋರಾ ಬಾರ್ಲೊ 1963ರಲ್ಲಿ ಸಂಪಾದಿಸಿ ಪ್ರಕಟಿಸಿದರು. ಬಹುಪಾಲು ಅದು ಒಣ ವಿವರಗಳ ಪಟ್ಟಿ: ಮಾದರಿಯ ಸಂಖ್ಯೆ, ಹಕ್ಕಿ ಸಿಕ್ಕಿದ ಸ್ಥಳ, ಅದರ ಬಣ್ಣ, ಕೂಗು, ನಡವಳಿಕೆ. ಆದರೆ ಒಂದು ಕಡೆ ಮಾತ್ರ ಬರವಣಿಗೆಯ ದಾರಿ ಥಟ್ಟನೆ ತಿರುಗುತ್ತದೆ.

ಅಲ್ಲಿ ಬರುವುದು ಗಲಾಪಗೋಸ್ ದ್ವೀಪಗಳ ಮಾಕಿಂಗ್‌ಬರ್ಡ್ ಹಕ್ಕಿಗಳ ಮಾತು. ಡಾರ್ವಿನ್ ನಾಲ್ಕು ದ್ವೀಪಗಳಿಂದ ನಾಲ್ಕು ಹಕ್ಕಿಗಳನ್ನು ತಂದಿದ್ದ. ಒಂದೇ ದ್ವೀಪದ ಹಕ್ಕಿಗಳೆಲ್ಲ ಒಂದೇ ಬಗೆ. ದ್ವೀಪ ಬದಲಾದರೆ ಬಗೆಯೂ ಬದಲಾಗುವುದನ್ನು ಅವನು ಗಮನಿಸಿದ್ದ. ಆಮೆಗಳ ಚಿಪ್ಪು ನೋಡಿಯೇ ಅದು ಯಾವ ದ್ವೀಪದ್ದೆಂದು ಹೇಳಬಹುದು ಎಂದು ಅಲ್ಲಿನ ಜನ ಹೇಳಿದ್ದು ಈಗ ಅವನಿಗೆ ನೆನಪಾಯಿತು. ಫಾಕ್‌ಲ್ಯಾಂಡ್ ದ್ವೀಪಗಳ ಪೂರ್ವ ಭಾಗದ ನರಿಗೂ ಪಶ್ಚಿಮ ಭಾಗದ ನರಿಗೂ ವ್ಯತ್ಯಾಸವಿದೆ ಎಂದು ಕೇಳಿದ್ದೂ ನೆನಪಾಯಿತು. ಒಂದರ ಕಣ್ಣಳತೆಯಲ್ಲಿ ಇನ್ನೊಂದಿರುವ ದ್ವೀಪಗಳಲ್ಲಿ ಹೀಗೇಕೆ? ಈ ಮಾತಿಗೆ ಕಿಂಚಿತ್ತಾದರೂ ಆಧಾರವಿದ್ದರೆ ಇಂಥ ದ್ವೀಪಸಮೂಹಗಳ ಪ್ರಾಣಿಗಳನ್ನು ಚೆನ್ನಾಗಿ ಪರಿಶೀಲಿಸಬೇಕು, ಏಕೆಂದರೆ ಪ್ರಭೇದಗಳು ಸ್ಥಿರ ಎಂಬ ನಂಬಿಕೆಯ ಬುಡವನ್ನೇ ಇದು ಅಲ್ಲಾಡಿಸೀತು ಎಂಬ ಅರ್ಥದ ಮಾತು ಅಲ್ಲಿದೆ. ಮೊದಲು ಅವನು ಬರೆದದ್ದು 'ಅಲ್ಲಾಡಿಸುತ್ತದೆ' ಎಂದು. ಆಮೇಲೆ ಒಂದು ಪದ ಸೇರಿಸಿ ಅದನ್ನು 'ಅಲ್ಲಾಡಿಸೀತು' ಎಂದು ಮೆದುಗೊಳಿಸಿದ. ಆ ಒಂದು ಪದದಲ್ಲಿ ಇಪ್ಪತ್ತೇಳು ವರ್ಷದ ಯುವಕನ ಅಂಜಿಕೆಯೂ ಕಾಣುತ್ತದೆ, ಎಚ್ಚರವೂ ಕಾಣುತ್ತದೆ.

ಡಾರ್ವಿನ್‌ನ ಬರವಣಿಗೆಯಲ್ಲಿ ಪ್ರಭೇದಗಳ ಸ್ಥಿರತೆಯ ಬಗ್ಗೆ ಇಷ್ಟು ನೇರವಾದ ಅನುಮಾನ ಇದಕ್ಕಿಂತ ಹಿಂದೆ ಕಾಣುವುದಿಲ್ಲ. ಆದ್ದರಿಂದಲೇ ಅದರ ತಾರೀಖು ಮುಖ್ಯ.

ಬೀಗಲ್ ಗಲಾಪಗೋಸ್‌ನಲ್ಲಿದ್ದದ್ದು 1835ರ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ 20ರವರೆಗೆ, ಸುಮಾರು ಐದು ವಾರ. ಈ ಸಾಲುಗಳನ್ನು ಆಗಲೇ ಬರೆದಿದ್ದರೆ, ದ್ವೀಪದ ಕಪ್ಪು ಲಾವಾ ಬಂಡೆಗಳ ಮೇಲೆ ನಿಂತ ಡಾರ್ವಿನ್‌ಗೆ ಅಲ್ಲಿಯೇ ಜ್ಞಾನೋದಯವಾಯಿತು ಎಂಬ ಜನಪ್ರಿಯ ಕಥೆ ನಿಜವಾಗುತ್ತದೆ. ಇಂಗ್ಲೆಂಡಿಗೆ ಮರಳಿದ ಮೇಲೆ ಬರೆದಿದ್ದರೆ ಅದು ಬೇರೆಯೇ ಕಥೆ. 1837ರ ಜನವರಿಯಲ್ಲಿ ಅವನು ತನ್ನ ಹಕ್ಕಿಗಳನ್ನು ಲಂಡನ್ನಿನ ಪ್ರಾಣಿಶಾಸ್ತ್ರ ಸಂಘಕ್ಕೆ ಒಪ್ಪಿಸಿದ. ಪಕ್ಷಿತಜ್ಞ ಜಾನ್ ಗೂಲ್ಡ್ ಅವುಗಳನ್ನು ಪರೀಕ್ಷಿಸಿ, ಡಾರ್ವಿನ್ ಬಗೆಗಳು ಎಂದುಕೊಂಡಿದ್ದ ಮಾಕಿಂಗ್‌ಬರ್ಡ್‌ಗಳು ನಿಜಕ್ಕೂ ಮೂರು ಪ್ರತ್ಯೇಕ ಪ್ರಭೇದಗಳು ಎಂದು ಹೇಳಿದರು. ಆ ತೀರ್ಮಾನ ಕೇಳಿದ ಮೇಲೆ ಬರೆದ ಅನುಮಾನಕ್ಕೂ, ಯಾರೂ ಏನೂ ಹೇಳುವ ಮೊದಲೇ ತನ್ನಷ್ಟಕ್ಕೆ ಹುಟ್ಟಿದ ಅನುಮಾನಕ್ಕೂ ಅಜಗಜಾಂತರ. ಒಂದು ಹಾಳೆ ಮೂರರಲ್ಲಿ ಯಾವ ಕಾಲದ್ದು ಎಂಬುದರ ಮೇಲೆ ಡಾರ್ವಿನ್‌ನ ಚಿಂತನೆಯ ಚರಿತ್ರೆಯೇ ನಿಂತಿತ್ತು.

ಹಳೆಯ ಕಾಗದಕ್ಕೆ ತಾರೀಖು ಕಟ್ಟುವ ಕೆಲಸ ನಮಗೆ ಹೊಸದೇನಲ್ಲ. ಅಜ್ಜನ ಕಾಲದ ಟ್ರಂಕಿನಲ್ಲಿ ತಾರೀಖಿಲ್ಲದ ಪತ್ರವೊಂದು ಸಿಕ್ಕಿತೆನ್ನೋಣ. ಲೆಕ್ಕ ಆಣೆ, ಕಾಸುಗಳಲ್ಲಿದ್ದರೆ ಅದು 1957ರ ದಶಮಾಂಶ ನಾಣ್ಯ ಪದ್ಧತಿಗೆ ಹಿಂದಿನದು, ಅಥವಾ ಅದರ ಆಸುಪಾಸಿನದು. ವಿಳಾಸದಲ್ಲಿ 'ಮೈಸೂರು ರಾಜ್ಯ' ಎಂದಿದ್ದರೆ 1973ರ ನವೆಂಬರಿಗೆ ಮುಂಚಿನದು ಎನ್ನಬಹುದು. ಕಾಗದದ ಜಾತಿ, ಬೆಳಕಿಗೆ ಹಿಡಿದರೆ ಕಾಣುವ ಕಂಪನಿಯ ಗುರುತು, ಶಾಯಿ, ಕೈಬರಹದ ಓಲು, ಎಲ್ಲವೂ ಸಾಕ್ಷಿಗಳೇ. ಆದರೆ ಹಡಗಿನಲ್ಲಿ ಕುಳಿತವನ ವಿಷಯದಲ್ಲಿ ಇವು ಅಷ್ಟಾಗಿ ನೆರವಿಗೆ ಬರುವುದಿಲ್ಲ. ಒಮ್ಮೆ ಕೊಂಡ ಕಾಗದದ ದಸ್ತೆ ತಿಂಗಳುಗಟ್ಟಲೆ ಬರುತ್ತದೆ. ಕೈಬರಹ ಹಡಗಿನ ಓಲಾಟಕ್ಕೆ ತಕ್ಕಂತೆ ದಿನಕ್ಕೊಂದು ಬಗೆ.

ಇಲ್ಲಿ ನೆರವಿಗೆ ಬಂದವರು ಅಮೆರಿಕದ ವಿಜ್ಞಾನ ಇತಿಹಾಸಕಾರ ಫ್ರಾಂಕ್ ಸಲೊವೇ. 1982ರಲ್ಲಿ ಅವರು ಡಾರ್ವಿನ್ ಕುರಿತ ಎರಡು ದೀರ್ಘ ಪ್ರಬಂಧಗಳನ್ನು ಜೀವಶಾಸ್ತ್ರ ಚರಿತ್ರೆಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಮರುವರ್ಷ ಅದೇ ಪತ್ರಿಕೆಯಲ್ಲಿ, ಡಾರ್ವಿನ್‌ನ ಕಾಗುಣಿತದ ಅಭ್ಯಾಸಗಳು ಮತ್ತು ಬೀಗಲ್ ಯಾನದ ಹಸ್ತಪ್ರತಿಗಳ ಕಾಲನಿರ್ಣಯ ಎಂಬ ವಿಷಯಕ್ಕೇ ಮೀಸಲಾದ ಇನ್ನೊಂದು ಲೇಖನ ಬಂತು. ಅವರ ಯೋಚನೆ ಸರಳ. ಡಾರ್ವಿನ್ ಕೆಲವು ಪದಗಳನ್ನು ಯಾವಾಗಲೋ ಒಮ್ಮೆ ಅಲ್ಲ, ಸತತವಾಗಿ ತಪ್ಪು ಬರೆಯುತ್ತಿದ್ದ. ಯಾನದ ಅವಧಿಯಲ್ಲೇ ಅವುಗಳಲ್ಲಿ ಕೆಲವನ್ನು ಸರಿಯಾಗಿ ಬರೆಯಲು ಕಲಿತ. ಒಂದು ಪದವನ್ನು ಅವನು ಯಾವಾಗ ಸರಿ ಮಾಡಿಕೊಂಡ ಎಂದು ತಾರೀಖಿರುವ ಬರಹಗಳಿಂದ ತಿಳಿದರೆ, ತಾರೀಖಿಲ್ಲದ ಬರಹದಲ್ಲಿ ಅದೇ ಪದ ಹೇಗಿದೆ ಎಂದು ನೋಡಿ ಅದರ ಕಾಲ ಹೇಳಬಹುದು.

ಮುಖ್ಯ ಸಾಕ್ಷಿಗಳಾಗಿ ನಿಂತ ಪದಗಳು ತೀರ ಸಾಮಾನ್ಯವಾದವು. ಒಂದು, ಹವಳಕ್ಕೆ ಇಂಗ್ಲಿಷಿನಲ್ಲಿರುವ 'ಕೋರಲ್'. ಕೊನೆಗೆ ಒಂದು 'ಎಲ್' ಇರಬೇಕು. ಡಾರ್ವಿನ್ ಎರಡು ಬರೆಯುತ್ತಿದ್ದ. ಅಕ್ಕ ಎತ್ತಿ ತೋರಿಸಿದ್ದ ಕ್ವಾರೆಲ್ ಪದದ ರೋಗವೇ ಇಲ್ಲಿಯೂ ಎಂಬುದನ್ನು ಗಮನಿಸಬೇಕು. ಎರಡನೆಯದು 'ಪೆಸಿಫಿಕ್', ಅಂದರೆ ಶಾಂತ ಸಾಗರದ ಹೆಸರು. ಇದರ ಕೊನೆಯ 'ಸಿ' ಅಕ್ಷರದ ಹಿಂದೆ ಅವನು ಒಂದು 'ಕೆ' ಕೂಡ ಸೇರಿಸುತ್ತಿದ್ದ. ಮೂರನೆಯದು 'ಒಕೇಶನ್', ಅಂದರೆ ಸಂದರ್ಭ. ಇದರಲ್ಲಿ ಎರಡು 'ಸಿ', ಒಂದು 'ಎಸ್' ಇರಬೇಕು. ಇಂಗ್ಲಿಷ್ ಡಿಕ್ಟೇಶನ್ ಬರೆದ ನಮ್ಮ ಶಾಲಾ ಮಕ್ಕಳಿಗೂ ಈ ಪದದ ಕಾಟ ಗೊತ್ತು. ಡಾರ್ವಿನ್ 'ಎಸ್' ಅಕ್ಷರವನ್ನೂ ಎರಡು ಮಾಡುತ್ತಿದ್ದ.

ಇವುಗಳಲ್ಲಿ 'ಪೆಸಿಫಿಕ್' ಪದದ 'ಕೆ' ಶುದ್ಧ ತಪ್ಪು ಎನ್ನುವಂತಿಲ್ಲ. ಮ್ಯೂಸಿಕ್, ಪಬ್ಲಿಕ್ ಮುಂತಾದ ಪದಗಳ ಕೊನೆಯಲ್ಲಿ 'ಕೆ' ಬರೆಯುವುದು ಹದಿನೆಂಟನೆಯ ಶತಮಾನದ ಇಂಗ್ಲಿಷಿನಲ್ಲಿ ರೂಢಿಯಲ್ಲಿತ್ತು. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ಹೊರತಂದ ಪ್ರಸಿದ್ಧ ನಿಘಂಟಿನಲ್ಲಿಯೂ ಅವು ಹಾಗೆಯೇ ಇವೆ. ಡಾರ್ವಿನ್ ಹುಟ್ಟುವ ವೇಳೆಗೆ, ಅಂದರೆ 1809ರ ಹೊತ್ತಿಗೆ, ಆ 'ಕೆ' ಬಳಕೆಯಿಂದ ಜಾರತೊಡಗಿತ್ತು. ಹಳೆಯ ಪುಸ್ತಕಗಳನ್ನು ಓದಿ ಬೆಳೆದ ಹುಡುಗನ ಕೈಗೆ ಅದು ಅಂಟಿಕೊಂಡಿದ್ದರೆ ಆಶ್ಚರ್ಯವಿಲ್ಲ. ಶ್ರೂಸ್‌ಬರಿಯ ಶಾಲೆಯಲ್ಲಿ ಗ್ರೀಕ್, ಲ್ಯಾಟಿನ್ ಪದ್ಯಗಳನ್ನು ಬಾಯಿಪಾಠ ಮಾಡಿಸಿದ್ದು ಬಿಟ್ಟರೆ ತನಗೆ ಅಲ್ಲಿ ಸಿಕ್ಕಿದ್ದು ಸೊನ್ನೆ ಎಂಬ ಅರ್ಥದಲ್ಲಿ ಡಾರ್ವಿನ್ ಮುಪ್ಪಿನಲ್ಲಿ ಬರೆದ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ.

ಈ ಪದಗಳೇ ಏಕೆ? ಅವನ ತಪ್ಪುಗಳಿಗೆ ಬರವಿರಲಿಲ್ಲ. ದಿನಚರಿಯಲ್ಲಿ 'ಬ್ರಾಡ್' ಪದಕ್ಕೆ ಒಂದು 'ಆರ್' ಹೆಚ್ಚಾಗಿದೆ, ವಿಹಾರದ ದೋಣಿಯಾದ 'ಯಾಟ್' ಪದದ ಅಕ್ಷರಗಳು ಹಿಂದುಮುಂದಾಗಿವೆ. ಆದರೆ ಕಾಲ ಅಳೆಯುವುದಕ್ಕೆ ಎಲ್ಲ ತಪ್ಪುಗಳೂ ಒದಗುವುದಿಲ್ಲ. ಪದ ಮೇಲಿಂದ ಮೇಲೆ ಬರಬೇಕು. ತಪ್ಪು ಆಕಸ್ಮಿಕವಾಗಿರದೆ ಅಭ್ಯಾಸವಾಗಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಅದು ಒಂದು ಹಂತದಲ್ಲಿ ಬದಲಾಗಿರಬೇಕು. ಸಾಯುವ ತನಕ ಒಂದೇ ರೀತಿ ತಪ್ಪು ಬರೆದ ಪದ ನಿಂತ ಗಡಿಯಾರವಿದ್ದಂತೆ. ಹವಳದ ಪದ ಪದೇ ಪದೇ ಬರುವುದಕ್ಕೆ ಕಾರಣವಿತ್ತು. ಹವಳದ ದಿಬ್ಬಗಳು ಹೇಗೆ ಬೆಳೆಯುತ್ತವೆ ಎಂಬುದಕ್ಕೆ ಡಾರ್ವಿನ್ ಯಾನದ ಅವಧಿಯಲ್ಲೇ ಒಂದು ಸಿದ್ಧಾಂತ ಕಟ್ಟಿದ್ದ. 1835ರ ನವೆಂಬರಿನಲ್ಲಿ ತಹೀತಿ ಕಂಡ ಮೇಲೆ ಅದನ್ನು ಕುರಿತು ಒಂದು ಪ್ರಬಂಧವನ್ನೇ ಬರೆದ. 1836ರ ಏಪ್ರಿಲ್‌ನಲ್ಲಿ ಹಿಂದೂ ಮಹಾಸಾಗರದ ಕೋಕೋಸ್ ದ್ವೀಪಗಳ ಹವಳವನ್ನು ಹತ್ತಿರದಿಂದ ಪರೀಕ್ಷಿಸಿದ. ಶಾಂತ ಸಾಗರದ ಹೆಸರೂ ಆ ವರ್ಷಗಳಲ್ಲಿ ಅವನ ಲೇಖನಿಗೆ ದಿನನಿತ್ಯದ್ದು. 'ಒಕೇಶನಲಿ', ಅಂದರೆ ಆಗಾಗ ಎಂಬ ಪದವಿಲ್ಲದೆ ಯಾವ ನಿಸರ್ಗಶಾಸ್ತ್ರಜ್ಞನೂ ಒಂದು ಹಾಳೆ ತುಂಬಿಸಲಾರ.

ಇನ್ನು ಅಳತೆ ಹೇಗೆ? ಮೊದಲು ತಾರೀಖು ಖಚಿತವಾಗಿರುವ ಬರಹಗಳನ್ನು ಸಾಲಾಗಿ ಇಡಬೇಕು. ಅವುಗಳಲ್ಲಿ ಪ್ರತಿ ಪದ ಎಷ್ಟು ಸಲ ತಪ್ಪಾಗಿದೆ, ಎಷ್ಟು ಸಲ ಸರಿಯಾಗಿದೆ ಎಂದು ಎಣಿಸುತ್ತ ಹೋಗಬೇಕು. ಹೀಗೆ ಮಾಡಿದರೆ ಒಂದೊಂದು ಪದಕ್ಕೂ ತಪ್ಪಿನಿಂದ ಸರಿಗೆ ದಾಟುವ ಒಂದು ಗಡಿ ಸಿಗುತ್ತದೆ. ಎಲ್ಲ ಪದಗಳೂ ಒಂದೇ ದಿನ ಸರಿಹೋಗುವುದಿಲ್ಲ ಎಂಬುದೇ ಇದರ ಸೊಗಸು. ಒಂದು ಪದ ಮಾರ್ಚಿಯಲ್ಲಿ ಸರಿಹೋಯಿತು, ಇನ್ನೊಂದು ಸೆಪ್ಟೆಂಬರಿನವರೆಗೂ ತಪ್ಪಾಗಿಯೇ ಉಳಿಯಿತು ಎಂದಿಟ್ಟುಕೊಳ್ಳೋಣ. ತಾರೀಖಿಲ್ಲದ ಹಾಳೆಯೊಂದರಲ್ಲಿ ಮೊದಲ ಪದ ಸರಿಯಾಗಿದ್ದು ಎರಡನೆಯದು ತಪ್ಪಾಗಿದ್ದರೆ, ಆ ಹಾಳೆ ಮಾರ್ಚಿಗೂ ಸೆಪ್ಟೆಂಬರಿಗೂ ನಡುವೆ ಹುಟ್ಟಿದ್ದು. ಪದಗಳು ಹೆಚ್ಚಾದಷ್ಟೂ ಈ ಕಿಂಡಿ ಕಿರಿದಾಗುತ್ತದೆ. ಹೇಳಿದರೆ ಇಷ್ಟೇ. ಆದರೆ ಡಾರ್ವಿನ್‌ನ ಹಸ್ತಪ್ರತಿಗಳು ಕಂಪ್ಯೂಟರ್ ಪರದೆಯ ಮೇಲೆ ಸಿಗುತ್ತಿದ್ದ ಕಾಲ ಅದಲ್ಲ. ಅವನ ಕೈಬರಹವೂ ಸುಲಭದ್ದಲ್ಲ. ಒಂದು 'ಎಸ್' ಇದೆಯೋ ಎರಡಿದೆಯೋ ಎಂದು ಪುಟಪುಟವನ್ನೂ ಸೋಸುವುದಕ್ಕೆ ಎಷ್ಟು ತಾಳ್ಮೆ ಬೇಕೆಂದು ಊಹಿಸಬಹುದು.

ಈ ವಿಧಾನದಲ್ಲಿ ಎಡವುವ ಜಾಗಗಳೂ ಇವೆ. ದಿನಚರಿಯಲ್ಲಿ ಒಂದು ತಾರೀಖು ಇದ್ದ ಮಾತ್ರಕ್ಕೆ ಆ ದಿನವೇ ಬರೆದದ್ದು ಎಂದಾಗುವುದಿಲ್ಲ. ಕುದುರೆಯ ಮೇಲೆ ವಾರಗಟ್ಟಲೆ ಒಳನಾಡು ಸುತ್ತಿ ಬಂದು, ಹಡಗಿನಲ್ಲಿ ಕುಳಿತು ಹಿಂದಿನ ದಿನಗಳನ್ನೆಲ್ಲ ಒಟ್ಟಿಗೆ ಬರೆಯುವುದು ಡಾರ್ವಿನ್‌ಗೆ ಸಾಮಾನ್ಯವಾಗಿತ್ತು. ಹಾಗಾಗಿ ಕಾಗದಗಳ ತಾರೀಖಿಗೆ ಹೆಚ್ಚು ಬೆಲೆ. ಹಳೆಯ ಟಿಪ್ಪಣಿಯನ್ನು ನೋಡಿಕೊಂಡು ಹೊಸದಾಗಿ ನಕಲು ಮಾಡುವಾಗ ಹಳೆಯ ತಪ್ಪು ಹಾಗೆಯೇ ಹೊಸ ಹಾಳೆಗೆ ನುಸುಳಬಹುದು. ಬೇರೆಯವರು ನಕಲು ಮಾಡಿದ್ದರೆ ಇನ್ನೂ ತೊಡಕು. ಡಾರ್ವಿನ್‌ನ ಸಹಾಯಕ ಸಿಮ್ಸ್ ಕವಿಂಗ್ಟನ್ ಬರೆದ ಪ್ರತಿಯಲ್ಲಿ ಕಾಣುವುದು ಯಾರ ಕಾಗುಣಿತ? ಅಲ್ಲದೆ ಯಾವ ಮನುಷ್ಯನೂ ಒಂದು ಬೆಳಿಗ್ಗೆ ಎದ್ದು ಹಳೆಯ ಅಭ್ಯಾಸವನ್ನು ಪೂರ್ತಿ ಕಳಚಿ ಇಡುವುದಿಲ್ಲ. ನಡುವೆ ಕೆಲವು ದಿನ ಸರಿಯೂ ತಪ್ಪೂ ಬೆರೆತು ಬರುತ್ತವೆ. ಆದ್ದರಿಂದ ಒಂದು ಪದದ ಒಂದು ಸಾಕ್ಷಿ ಸಾಲದು. ಹಲವು ಪದಗಳು, ಹಲವು ಸಲ, ಒಂದೇ ದಿಕ್ಕಿಗೆ ಬೆರಳು ತೋರಿಸಬೇಕು. ಕಾಗದ ಮತ್ತು ಒಳಗಿನ ವಿಷಯದ ಸಾಕ್ಷಿ ಅದಕ್ಕೆ ಹೊಂದಬೇಕು.

ಕನ್ನಡದ ವಿದ್ವಾಂಸರಿಗೆ ಇದರ ಹತ್ತಿರದ ನೆಂಟನಂಥ ವಿಧಾನ ಬಹಳ ಹಿಂದಿನಿಂದ ಗೊತ್ತು. ಶಾಸನದಲ್ಲಿ ಅಥವಾ ಓಲೆಗರಿಯಲ್ಲಿ 'ಏೞು', 'ಆಱು' ಎಂದು ಹಳೆಯ ೞ, ಱ ಅಕ್ಷರಗಳು ಸರಿಯಾದ ಜಾಗದಲ್ಲಿ ಬಂದಿವೆಯೋ, ಇಲ್ಲ 'ಏಳು', 'ಆರು' ಎಂದಾಗಿವೆಯೋ. 'ಪಾಲು' ಇದೆಯೋ 'ಹಾಲು' ಆಗಿದೆಯೋ ಎಂದು ನೋಡಿ ಬರಹದ ಕಾಲವನ್ನು ಅಂದಾಜು ಮಾಡುತ್ತಾರೆ. ಹದಿಮೂರನೆಯ ಶತಮಾನದ ವೇಳೆಗೆ ಈ ಗೊಂದಲ ಎಷ್ಟಾಗಿತ್ತೆಂದರೆ, ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ೞಕಾರ ಬರುವ ಶಬ್ದಗಳನ್ನು ಪಟ್ಟಿ ಮಾಡಿಯೇ ಹೇಳಬೇಕಾಯಿತು. ಆದರೆ ಅಲ್ಲಿ ಬದಲಾಗಿದ್ದು ಒಂದು ನಾಡಿನ ನುಡಿ, ಅದರ ಅಳತೆ ಶತಮಾನಗಳದ್ದು. ಡಾರ್ವಿನ್ ವಿಷಯದಲ್ಲಿ ಬದಲಾಗಿದ್ದು ಒಬ್ಬನೇ ಮನುಷ್ಯನ ಕೈ, ಅಳತೆ ತಿಂಗಳುಗಳದ್ದು. ಇನ್ನೊಂದು ಮಾತು: ಓಲೆಗರಿಯ ಲಿಪಿಕಾರರು ಕೊನೆಯಲ್ಲಿ ತಮ್ಮ ತಪ್ಪುಗಳನ್ನು ತಿದ್ದಿಕೊಂಡು ಓದಬೇಕೆಂದು ಬೇಡುವುದುಂಟು. ಕಾಲ ಕಟ್ಟಲು ಕುಳಿತವನು ಆ ಬೇಡಿಕೆಯನ್ನು ನಡೆಸಿಕೊಡಲಾರ.

ಹಕ್ಕಿಗಳ ಟಿಪ್ಪಣಿಗೆ ಬರೋಣ. ಸಲೊವೇ ಅವರ ಲೆಕ್ಕದಲ್ಲಿ ಆ ಬರಹ ಗಲಾಪಗೋಸ್‌ನಲ್ಲೂ ಹುಟ್ಟಿದ್ದಲ್ಲ, ಲಂಡನ್ನಿನಲ್ಲೂ ಹುಟ್ಟಿದ್ದಲ್ಲ. ಅದು 1836ರ ಮಧ್ಯಭಾಗದ್ದು. ಬೀಗಲ್ ಆ ಜೂನ್ 18ರಂದು ಆಫ್ರಿಕದ ತುದಿಯ ಕೇಪ್ ಬಂದರನ್ನು ಬಿಟ್ಟು, ಸೇಂಟ್ ಹೆಲೆನಾ ಮತ್ತು ಅಸೆನ್ಷನ್ ದ್ವೀಪಗಳ ದಾರಿಯಾಗಿ ಅಟ್ಲಾಂಟಿಕ್ ಸಾಗರದಲ್ಲಿ ಸಾಗುತ್ತಿದ್ದ ಕಾಲ. ಆ ಕಾಲ ಇತರ ಸಂಗತಿಗಳಿಗೂ ಒಪ್ಪುತ್ತದೆ. ಮನೆ ಹತ್ತಿರವಾಗುತ್ತಿತ್ತು. ಮಾದರಿಗಳನ್ನು ಒಬ್ಬೊಬ್ಬ ತಜ್ಞರಿಗೆ ಒಪ್ಪಿಸಬೇಕಾದರೆ ಹಕ್ಕಿಗಳದ್ದು ಬೇರೆ, ಮೀನುಗಳದ್ದು ಬೇರೆ, ಗಿಡಗಳದ್ದು ಬೇರೆ ಎಂದು ಪಟ್ಟಿಗಳನ್ನು ಬಿಡಿಸಿ ಬರೆಯಬೇಕಿತ್ತು. ಐದು ವರ್ಷದ ಟಿಪ್ಪಣಿಗಳನ್ನು ಮುಂದೆ ಹರವಿಕೊಂಡು ಹೊಸದಾಗಿ ಬರೆಯಲು ಕುಳಿತಾಗಲೇ ನಾಲ್ಕು ದ್ವೀಪಗಳ ಹಕ್ಕಿಗಳು ಒಂದೇ ಹಾಳೆಯ ಮೇಲೆ ಪಕ್ಕಪಕ್ಕಕ್ಕೆ ಬಂದದ್ದು. ದ್ವೀಪದಿಂದ ದ್ವೀಪಕ್ಕೆ ಓಡಾಡುತ್ತಿದ್ದಾಗ ಕಣ್ಣಿಗೆ ಬಿದ್ದ ವ್ಯತ್ಯಾಸದ ಅರ್ಥ, ಸುಮಾರು ಒಂಬತ್ತು ತಿಂಗಳ ಬಳಿಕ, ಗುಮಾಸ್ತಗಿರಿಯಂಥ ಈ ಕೆಲಸದ ನಡುವೆ ಹೊಳೆಯಿತು.

ಈ ತಾರೀಖಿನಿಂದ ಜನಪ್ರಿಯ ಕಥೆಗೆ ಪೆಟ್ಟು ಬಿತ್ತು. ಗಲಾಪಗೋಸ್‌ನಲ್ಲಿ ಫಿಂಚ್ ಹಕ್ಕಿಗಳ ಕೊಕ್ಕುಗಳನ್ನು ನೋಡಿದ ಕೂಡಲೇ ಡಾರ್ವಿನ್‌ಗೆ ವಿಕಾಸವಾದ ಹೊಳೆಯಿತು ಎಂದು ಜೀವಶಾಸ್ತ್ರದ ಪಠ್ಯಪುಸ್ತಕಗಳು ಬಹುಕಾಲ ಹೇಳಿಕೊಂಡು ಬಂದವು. ಡೇವಿಡ್ ಲ್ಯಾಕ್ 1947ರಲ್ಲಿ ಬರೆದ ಪುಸ್ತಕದಿಂದ 'ಡಾರ್ವಿನ್‌ನ ಫಿಂಚ್‌ಗಳು' ಎಂಬ ಹೆಸರೂ ಜನಜನಿತವಾಯಿತು. ಆದರೆ ದ್ವೀಪಗಳಲ್ಲಿದ್ದಾಗ ಡಾರ್ವಿನ್‌ಗೆ ಆ ಫಿಂಚ್‌ಗಳೆಲ್ಲ ಒಂದೇ ಬಳಗದವು ಎಂದೇ ಗೊತ್ತಾಗಿರಲಿಲ್ಲ. ಯಾವ ಫಿಂಚ್ ಯಾವ ದ್ವೀಪದ್ದು ಎಂದು ಗುರುತು ಹಾಕುವ ಗೋಜಿಗೂ ಅವನು ಹೋಗಿರಲಿಲ್ಲ. ಆಮೇಲೆ ಹಡಗಿನ ಸಂಗಡಿಗರ ಸಂಗ್ರಹಗಳ ಮೊರೆಹೋಗಬೇಕಾಯಿತು. ದ್ವೀಪದ ಹೆಸರಿನ ಸಮೇತ ಬೇರೆ ಬೇರೆ ಇಟ್ಟದ್ದು ಮಾಕಿಂಗ್‌ಬರ್ಡ್‌ಗಳನ್ನು. ಅಲ್ಲಿನ ಉಪ ಗವರ್ನರ್ ನಿಕೊಲಸ್ ಲಾಸನ್ ಆಮೆಗಳ ಬಗ್ಗೆ ಹೇಳಿದ ಮಾತನ್ನೂ ಆಗ ಅಷ್ಟಾಗಿ ಕಿವಿಗೆ ಹಾಕಿಕೊಂಡಿರಲಿಲ್ಲ. ದ್ವೀಪದಿಂದ ಹೊರಟಾಗ ಹಡಗಿಗೆ ತುಂಬಿಸಿದ ಆಮೆಗಳು ಊಟಕ್ಕಾದವು. ಚಿಪ್ಪುಗಳು ಸಮುದ್ರದ ಪಾಲಾದವು. ಮಹಾಸಾಕ್ಷ್ಯವೊಂದನ್ನು ತಿಂದು ಮುಗಿಸಿದ ಮೇಲೆ ಅದರ ಬೆಲೆ ತಿಳಿದದ್ದು ವಿಜ್ಞಾನ ಚರಿತ್ರೆಯ ತಮಾಷೆಗಳಲ್ಲಿ ಒಂದು.

ಇನ್ನೊಂದು ಕಡೆ, ಎಲ್ಲವನ್ನೂ ಲಂಡನ್ನಿನ ತಜ್ಞರೇ ಕಲಿಸಿಕೊಟ್ಟರು ಎಂಬ ಮಾತೂ ನಿಲ್ಲುವುದಿಲ್ಲ. ಗೂಲ್ಡ್ ಹಕ್ಕಿಗಳನ್ನು ಮುಟ್ಟುವುದಕ್ಕೆ ಆರು ತಿಂಗಳಿಗೂ ಮೊದಲೇ ಪ್ರಶ್ನೆ ಡಾರ್ವಿನ್‌ನ ಕೈಬರಹದಲ್ಲಿ ಕಾಗದಕ್ಕೆ ಇಳಿದಿತ್ತು. ಅದು ಪ್ರಶ್ನೆ ಮಾತ್ರ, 'ಅಲ್ಲಾಡಿಸೀತು' ಎಂಬ ಮಟ್ಟದ್ದು. ಆ ಹೊತ್ತಿನ ಡಾರ್ವಿನ್ ವಿಕಾಸವಾದಿಯಲ್ಲ ಎಂಬುದೇ ಸಲೊವೇ ಅವರ ವಾದ. ಮಾಕಿಂಗ್‌ಬರ್ಡ್‌ಗಳು ಬರೀ ಬಗೆಗಳಲ್ಲ, ಪ್ರಭೇದಗಳೇ ಎಂದು 1837ರ ಮಾರ್ಚಿಯಲ್ಲಿ ಗೂಲ್ಡ್ ಅವರಿಂದ ಕೇಳಿದ ಮೇಲೆ ಆ 'ಅಲ್ಲಾಡಿಸೀತು' ನಿಜವಾಯಿತು. ಆ ಜುಲೈಯಲ್ಲಿ ಅವನು ಪ್ರಭೇದಗಳ ರೂಪಾಂತರಕ್ಕೇ ಮೀಸಲಾದ ಮೊದಲ ಟಿಪ್ಪಣಿ ಪುಸ್ತಕ ತೆರೆದ. ಹಿಂದಿನ ಮಾರ್ಚಿಯ ಸುಮಾರಿನಿಂದ ಗಲಾಪಗೋಸ್ ಪ್ರಭೇದಗಳು ತನ್ನ ಮನಸ್ಸನ್ನು ಬಲವಾಗಿ ತಟ್ಟಿದ್ದವು ಎಂದು ತಾನೇ ಗುರುತು ಹಾಕಿಕೊಂಡಿದ್ದಾನೆ. 'ಪ್ರಭೇದಗಳ ಉಗಮ' ಅಚ್ಚಾಗಿ ಹೊರಬಂದದ್ದು 1859ರ ನವೆಂಬರ್ 24ರಂದು. ಅಟ್ಲಾಂಟಿಕ್‌ನ ಆ ಹಾಳೆಯಿಂದ ಅಲ್ಲಿಗೆ ಇಪ್ಪತ್ತಮೂರು ವರ್ಷ.

ಇಷ್ಟೆಲ್ಲ ಸಾಧ್ಯವಾದದ್ದು ತಪ್ಪುಗಳು ತಪ್ಪಾಗಿಯೇ ಉಳಿದದ್ದರಿಂದ. ದೊಡ್ಡವರ ಪತ್ರಗಳನ್ನು ಅಚ್ಚು ಹಾಕುವಾಗ ಕಾಗುಣಿತ ತಿದ್ದಿ, ವಿರಾಮಚಿಹ್ನೆ ಸರಿಪಡಿಸಿ ಕೊಡುವುದು ಹತ್ತೊಂಬತ್ತನೆಯ ಶತಮಾನದ ಸಂಪಾದಕರಿಗೆ ಸೌಜನ್ಯವೆನಿಸುತ್ತಿತ್ತು. ಸತ್ತವರ ಮಾನ ಕಾಯುವ ಕೆಲಸ ಅದು. ನಮ್ಮಲ್ಲಿಯೂ ಸಾಹಿತಿಗಳ ಪತ್ರಗಳು ಪುಸ್ತಕವಾಗುವಾಗ ಇಂಥ ಸೌಜನ್ಯಕ್ಕೆ ಕೊರತೆಯಿಲ್ಲ. ಮೂಲ ಕಾಗದವೂ ಕಳೆದುಹೋದರೆ ಗಡಿಯಾರವೇ ಹೋದಂತೆ. ಡಾರ್ವಿನ್ ತನ್ನ ಪ್ರವಾಸದ ಪುಸ್ತಕವನ್ನು 1839ರಲ್ಲಿ ಪ್ರಕಟಿಸಿದಾಗ ಅದು ಮುದ್ರಣಾಲಯದ ಮೊಳೆ ಜೋಡಿಸುವವರ, ಕರಡು ತಿದ್ದುವವರ ಕೈ ದಾಟಿಯೇ ಬರಬೇಕಿತ್ತು. ಅಂಥ ಅಚ್ಚಿನ ಪುಟದಿಂದ ಲೇಖಕನ ಕೈಯ ಅಭ್ಯಾಸವನ್ನು ಹೇಳಲಾಗದು. ಡಾರ್ವಿನ್‌ನ ಅದೃಷ್ಟ, ಅಥವಾ ಇತಿಹಾಸಕಾರರ ಅದೃಷ್ಟ ಎನ್ನಬೇಕು, ಅವನು ಹಾಳೆಗಳನ್ನು ಎಸೆಯುವ ಸ್ವಭಾವದವನಾಗಿರಲಿಲ್ಲ. ಮನೆಯವರೂ ಹಾಗೆಯೇ.

ಡಾರ್ವಿನ್‌ನ ಸಮಗ್ರ ಪತ್ರಗಳ ಮೊದಲ ಸಂಪುಟ 1985ರಲ್ಲಿ ಕೇಂಬ್ರಿಜ್‌ನಿಂದ ಹೊರಬಂತು. ಮೂವತ್ತನೆಯ ಮತ್ತು ಕೊನೆಯ ಸಂಪುಟ ಬಂದದ್ದು 2023ರಲ್ಲಿ. ಬೀಗಲ್ ಯಾನದ ಕಾಗದಗಳೆಲ್ಲ ಮೊದಲ ಸಂಪುಟದಲ್ಲಿವೆ. ಸಂಪಾದಕರು ಎಲ್ಲಿಯೂ ಡಾರ್ವಿನ್‌ನ ಕಾಗುಣಿತಕ್ಕೆ ಕೈ ಹಚ್ಚಿಲ್ಲ. ಶ್ರೂಸ್‌ಬರಿಯಿಂದ ಹೊರಟ ಸೂಸನ್‌ಳ ಕಾಗದವೂ ಅಲ್ಲಿದೆ, ತಪ್ಪು ಒಂದು ಕಡೆ, ಸರಿ ಒಂದು ಕಡೆ ಇರುವ ಅ ಪಟ್ಟಿಯ ಸಮೇತ.